ಲಗಾಮಿನ ಎರಡು ತುದಿ

(ಹಂಗಳದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಕನ್ನಡದ ಯಾವ ದಿನಪತ್ರಿಕೆಯನ್ನು ಬಿಡಿಸಿದರೂ ಒಂದಲ್ಲ ಒಂದು ಪುಟದಲ್ಲಿ ಕಡಿವಾಣ ಕಣ್ಣಿಗೆ ಬೀಳುತ್ತದೆ. ಬೆಲೆಯೇರಿಕೆಗೆ ಕಡಿವಾಣ, ಮರಳು ಸಾಗಣೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ. ನಾಲಗೆಗೆ ಲಗಾಮು ಇರಲಿ ಎಂದು ಮನೆಯ ಹಿರಿಯರು ಗದರಿಸುತ್ತಾರೆ. ಕುದುರೆಯನ್ನು ಮುಟ್ಟಿ ನೋಡದವರೂ ಈ ಮಾತುಗಳನ್ನು ಸಲೀಸಾಗಿ ಬಳಸುತ್ತಾರೆ. ಎಲ್ಲ ಕಡೆಯೂ ಅರ್ಥ ಒಂದೇ: ತಡೆ, ನಿಲ್ಲಿಸು, ಅದುಮಿ ಹಿಡಿ. ಆದರೆ ಕುದುರೆಯ ಬೆನ್ನಿನ ಮೇಲೆ ಪಳಗಿದವರು ಈ ಅರ್ಥವನ್ನು ಒಪ್ಪುವುದಿಲ್ಲ. ಲಗಾಮನ್ನು ಬರೀ ತಡೆಯುವುದಕ್ಕೆ ಬಳಸುವವನು ಇನ್ನೂ ಸವಾರಿ ಕಲಿತಿಲ್ಲ ಎಂಬುದು ಅವರ ತೀರ್ಮಾನ. ಸವಾರನ ಕೈಗೂ ಕುದುರೆಯ ಬಾಯಿಗೂ ನಡುವೆ ಸುದ್ದಿ ಹೋಗಿಬರುವ ದಾರಿ ಅದು. ಆ ದಾರಿಯನ್ನು ತೆರೆದಿಟ್ಟುಕೊಳ್ಳುವುದು ಹೇಗೆ, ಮುಚ್ಚಿಹೋದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಹಂಗಳದಲ್ಲಿ ನಿಂತು ಕುದುರೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಕವಲೊಡೆಯುವ ಊರು ಇದು. ಇಲ್ಲಿಯ ಹೊಲಗಳಲ್ಲಿ ದುಡಿದದ್ದು ಎತ್ತು. ಕಾಡಂಚಿನ ಹೆದರಿಕೆಯೆಲ್ಲ ಆನೆ, ಹುಲಿಗಳದ್ದು. ಈ ಸೀಮೆಯ ದೈವವಾದ ಮಾದಪ್ಪನ ವಾಹನವೂ ಹುಲಿಯೇ. ಅದಕ್ಕೆ ಲಗಾಮು ಇದೆಯೇ ಎಂದು ಯಾವ ಒಕ್ಕಲೂ ಕೇಳಿದಂತಿಲ್ಲ. ಆದರೂ ಮೈಸೂರು ಅರಸರ ಇತಿಹಾಸದಲ್ಲಿ ಹಂಗಳದ ಹೆಸರು ಒಂದು ಮುಖ್ಯ ಸಂದರ್ಭದಲ್ಲಿ ಬರುತ್ತದೆ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಮುಂದೆ ಪಟ್ಟಕ್ಕೆ ಬರಲಿದ್ದ ಚಿಕ್ಕದೇವರಾಜರನ್ನು ಇದೇ ಊರಿನಲ್ಲಿ ಕಾವಲಿನಲ್ಲಿಟ್ಟಿದ್ದರು. ಆಮೇಲೆ ಅವರು 1704ರವರೆಗೆ ಮೈಸೂರನ್ನು ಆಳಿದರು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಅವರು ತಂದೆಯ ನೆನಪಿಗಾಗಿ ಕಟ್ಟಿಸಿದ್ದು.

ಈ ಮನೆತನಕ್ಕೆ ಕುದುರೆಯ ಶಾಸ್ತ್ರ ಹೊಸದಾಗಿರಲಿಲ್ಲ. 1617ರಿಂದ 1637ರವರೆಗೆ ಆಳಿದ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣಪಂಡಿತ ‘ಹಯಸಾರಸಮುಚ್ಚಯ’ ಎಂಬ ಕನ್ನಡ ಗ್ರಂಥವನ್ನು ರಚಿಸಿದ. ಅದಕ್ಕೂ ಎರಡು ಶತಮಾನ ಹಿಂದೆ, ಸುಮಾರು 1400ರಲ್ಲಿ, ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ ಸವಾರಿಯನ್ನೂ ಕುದುರೆಯ ಮೇಲಿನ ಚೆಂಡಾಟವನ್ನೂ ರಾಜನ ವಿನೋದಗಳೆಂದು ವಿವರಿಸಿದ್ದಾನೆ. ಈ ಬಗೆಯ ಶಾಸ್ತ್ರಗ್ರಂಥಗಳಲ್ಲಿ ಬಣ್ಣ, ಸುಳಿ, ಹಲ್ಲು ನೋಡಿ ವಯಸ್ಸು ಹೇಳುವ ಕ್ರಮ, ರೋಗ, ಔಷಧ ಇವುಗಳಿಗೆ ದೊಡ್ಡ ಪಾಲು. ಈಗಲೂ ದನದ ಜಾತ್ರೆಯಲ್ಲಿ ಎತ್ತಿನ ಸುಳಿ ನೋಡದೆ ರೈತ ವ್ಯಾಪಾರ ಕುದುರಿಸುವುದಿಲ್ಲ. ಆ ಕಣ್ಣೂ ಈ ಶಾಸ್ತ್ರದ ಕಣ್ಣೂ ಒಂದೇ ಬಗೆಯವು.

ಎತ್ತಿನ ಮಾತು ಬಂದದ್ದು ಒಳ್ಳೆಯದಾಯಿತು. ಚಿಕ್ಕದೇವರಾಜರ ಆಡಳಿತದಲ್ಲಿ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. ಮೈಸೂರಿನ ಫಿರಂಗಿಗಳನ್ನು ವೇಗವಾಗಿ ಸಾಗಿಸಿದ ಎತ್ತುಗಳು ಅದರವೇ. ಈ ಎತ್ತುಗಳನ್ನು ಹೂಡಿದವರಿಗೆ ಮೂಗುದಾರದ ಗುಟ್ಟು ಗೊತ್ತಿತ್ತು. ಅನುಭವವಿರುವ ಗಾಡಿಯಾಳು ಹಗ್ಗವನ್ನು ಜಗ್ಗುವುದು ಅಪರೂಪ. ಬಾಯಲ್ಲಿ ಒಂದು ಸದ್ದು, ಬೆನ್ನಿನ ಮೇಲೆ ಅಂಗೈ, ಹಗ್ಗದಲ್ಲಿ ಒಂದು ಸಣ್ಣ ಅಲುಗು, ಇಷ್ಟರಲ್ಲೇ ಎತ್ತು ತಿರುಗುತ್ತದೆ. ಹಗ್ಗವನ್ನು ಸದಾ ಜಗ್ಗುವವನ ಎತ್ತು ಮೂಗು ಮರಗಟ್ಟಿಸಿಕೊಂಡು ಮೊಂಡಾಗುತ್ತದೆ. ಇಷ್ಟನ್ನು ಬಲ್ಲ ಊರಿಗೆ ಕುದುರೆಯ ಲಗಾಮಿನ ಅರ್ಧ ಪಾಠ ಆಗಲೇ ಗೊತ್ತಿದೆ. ಉಳಿದ ಅರ್ಧ ಕುದುರೆಯ ಬಾಯೊಳಗಿದೆ.

ಕನ್ನಡದಲ್ಲಿ ಇದಕ್ಕೆ ಮೂರು ಮಾತುಗಳಿವೆ. ಬಾಯೊಳಗೆ ಕೂರುವ ಲೋಹದ ತುಂಡು ಕಡಿವಾಣ. ಅದರಿಂದ ಸವಾರನ ಕೈವರೆಗೆ ಬರುವ ತೊಗಲಿನ ಪಟ್ಟಿ ವಾಘೆ, ಹಳೆಯ ಕಾವ್ಯಗಳನ್ನು ಓದಿದವರಿಗೆ ಪರಿಚಯವಾದ ಮಾತು. ಪಾರಸಿಯಿಂದ ಬಂದ ಲಗಾಮು ಈಗ ಎರಡನ್ನೂ ಸೇರಿಸಿಕೊಂಡು ಬಳಕೆಯಲ್ಲಿದೆ. ಬೆಳೆದ ಗಂಡು ಕುದುರೆಗೆ ಸಾಮಾನ್ಯವಾಗಿ 40 ಹಲ್ಲು, ಹೆಣ್ಣಿಗೆ 36. ಮುಂದೆ ಹುಲ್ಲು ಕತ್ತರಿಸುವ ಬಾಚಿಹಲ್ಲುಗಳು, ಹಿಂದೆ ಅರೆಯುವ ದವಡೆಹಲ್ಲುಗಳು, ಇವೆರಡರ ನಡುವೆ ಬೆರಳುದ್ದದ ಬರಿದಾದ ಜಾಗ. ಗಂಡು ಕುದುರೆಗಳಲ್ಲಿ ಅಲ್ಲಿ ಒಂಟಿ ಕೋರೆಹಲ್ಲು ಇಣುಕುತ್ತದೆ. ಕಡಿವಾಣ ಕೂರುವುದು ಈ ಬರಿದಾದ ಜಾಗದಲ್ಲಿ. ಅಲ್ಲಿ ದವಡೆಯ ಮೂಳೆ ಏಣಿನಂತೆ ಚೂಪಾಗಿದ್ದು, ಮೇಲೆ ತೆಳುವಾದ ವಸಡು ಮಾತ್ರ ಇರುತ್ತದೆ. ಮನುಷ್ಯನ ಮೊಣಕಾಲ ಕೆಳಗಿನ ಮುಂದಿನ ಮೂಳೆಗೆ ಮಂಚದ ಕಾಲು ತಾಗಿದರೆ ಹೇಗಿರುತ್ತದೆಂದು ನೆನಪಿಸಿಕೊಂಡರೆ ಸಾಕು. ಇನ್ನು ನಾಲಗೆ ಬಾಯನ್ನೆಲ್ಲ ತುಂಬಿಕೊಂಡಿರುತ್ತದೆ. ಕಡಿವಾಣಕ್ಕೆಂದು ಮೀಸಲಾದ ಖಾಲಿ ಜಾಗ ಬಾಯೊಳಗೆ ಇಲ್ಲ. ಅದು ನಾಲಗೆಯನ್ನು ಒತ್ತಿಕೊಂಡೇ ಕೂರುತ್ತದೆ. ಸವಾರನ ಕೈಯಲ್ಲಿ ಆಗುವ ಒಂದೊಂದು ಅಲುಗಾಟವೂ ನಾಲಗೆ, ವಸಡು, ಕಟಬಾಯಿಗಳಿಗೆ ತಲುಪುತ್ತದೆ. ಸವಾರನಿಗೆ ಅದು ತೊಗಲಿನ ಪಟ್ಟಿ, ಕುದುರೆಗೆ ಅದು ಬಾಯಿ. ಈ ವ್ಯತ್ಯಾಸವನ್ನು ಮರೆತವನ ಕೈಗೆ ಲಗಾಮು ಕೊಡಬಾರದೆಂದು ಹಳೆಯ ಸವಾರರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಹಾಗಾದರೆ ಲಗಾಮನ್ನು ಸಡಿಲವಾಗಿ ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ? ಮೃದು ಮನಸ್ಸಿನವರು ಮೊದಲು ಕೇಳುವ ಪ್ರಶ್ನೆ ಇದು. ಸರಿಯಾಗಿ ಕಲಿತ ಕುದುರೆಯನ್ನು ಬಲ್ಲ ಸವಾರ ಸಡಿಲ ಲಗಾಮಿನಲ್ಲೂ ನಡೆಸಬಲ್ಲ, ನಿಜ. ಆದರೆ ಹೊಸಬನ ಕೈಯಲ್ಲಿ ಜೋಲುವ ಲಗಾಮು ದಯೆಯಲ್ಲ. ಜೋಲುಬಿದ್ದ ಪಟ್ಟಿ ಒಂದೊಂದು ಹೆಜ್ಜೆಗೂ ತೂಗಾಡಿ ಬಾಯಲ್ಲಿ ಕಡಿವಾಣವನ್ನು ಕುಲುಕಿಸುತ್ತದೆ. ತಿರುಗಬೇಕಾದಾಗ, ನಿಲ್ಲಬೇಕಾದಾಗ ಸವಾರ ಗಾಬರಿಯಿಂದ ಅದನ್ನು ಒಟ್ಟಿಗೆ ಎಳೆಯುತ್ತಾನೆ. ಬಾವಿಯೊಳಗೆ ಕೊಡ ಬಿಟ್ಟು, ಜೋಲು ಹಗ್ಗವನ್ನು ತಟಕ್ಕನೆ ಜಗ್ಗಿದರೆ ಕೊಡದ ಕಂಠ ಹೇಗೆ ಏಟು ತಿನ್ನುತ್ತದೋ ಹಾಗೆ ಆ ಏಟು ವಸಡಿನ ಮೇಲೆ ಬೀಳುತ್ತದೆ. ಒಂದು ಕ್ಷಣ ಏನೂ ಇಲ್ಲ, ಮರುಕ್ಷಣ ಹೊಡೆತ. ಎರಡರ ನಡುವೆ ಮುನ್ಸೂಚನೆ ಎಂಬುದೇ ಇರುವುದಿಲ್ಲ. ಇಂಥ ಕೈಯನ್ನು ಕುದುರೆ ಎಂದೂ ನಂಬುವುದಿಲ್ಲ. ಯಾವಾಗ ಏಟು ಬಿದ್ದೀತೋ ಎಂದು ತಲೆಯನ್ನು ಮೇಲಕ್ಕೆತ್ತಿ, ಬೆನ್ನನ್ನು ಬಿಗಿಮಾಡಿಕೊಂಡೇ ನಡೆಯುತ್ತದೆ.

ಸವಾರಿ ಕಲಿಸುವವರು ಸಂಪರ್ಕ ಎಂದು ಕರೆಯುವುದು ಈ ಎರಡೂ ಅತಿಗಳ ನಡುವಿನ ಸ್ಥಿತಿಯನ್ನು. ಪಟ್ಟಿ ನೇರವಾಗಿರುತ್ತದೆ, ಬಿಗಿಯಾಗಿರುವುದಿಲ್ಲ. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರ ಜೋತುಬಿದ್ದರೆ ಪಟ ನೆಲಕ್ಕೆ ಬರುತ್ತದೆ, ಬಿಗಿಹಿಡಿದರೆ ಗೋತಾ ಹೊಡೆಯುತ್ತದೆ ಅಥವಾ ದಾರ ತುಂಡಾಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಪಟದ ಉಸಿರಾಟ ಬೆರಳಿಗೆ ತಿಳಿಯುತ್ತದೆ. ಆದರೂ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಪಟಕ್ಕೆ ನೋವಿಲ್ಲ. ಐದು ವರ್ಷದ ಮಗುವಿನ ಕೈ ಹಿಡಿದು ಹೆದ್ದಾರಿ ದಾಟಿಸುವುದು ಇನ್ನೂ ಹತ್ತಿರದ ಹೋಲಿಕೆ. ಹಿಂಡುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ.

ಕೈಯ ಕ್ರಮ ಹೀಗೆ. ಪಟ್ಟಿ ಕಿರುಬೆರಳು, ಉಂಗುರಬೆರಳುಗಳ ನಡುವೆ ಅಂಗೈಯೊಳಗೆ ಬಂದು, ತೋರುಬೆರಳಿನ ಮೇಲೆ ಹೊರಬೀಳುತ್ತದೆ. ಅಲ್ಲಿ ಹೆಬ್ಬೆರಳು ಅದನ್ನು ಒತ್ತಿಹಿಡಿಯುತ್ತದೆ. ಜಾರದಂತೆ ತಡೆಯುವ ಕೆಲಸ ಹೆಬ್ಬೆರಳಿನದು, ಮಾತಾಡುವ ಕೆಲಸ ಉಂಗುರಬೆರಳಿನದು. ಹೆಬ್ಬೆರಳುಗಳು ಮೇಲೆ, ಮುಷ್ಟಿಗಳು ಲೋಟ ಹಿಡಿದ ಹಾಗೆ ನೆಟ್ಟಗೆ. ಪಕ್ಕದಿಂದ ನೋಡಿದರೆ ಸವಾರನ ಮೊಣಕೈ, ಮಣಿಕಟ್ಟು, ಕಡಿವಾಣ ಮೂರೂ ಒಂದೇ ಗೆರೆಯಲ್ಲಿರಬೇಕು. ಮೊಣಕೈ ಪಕ್ಕೆಯ ಬಳಿ ಜೋತಿರಬೇಕು, ಅಂಟಿಕೊಂಡಿರಬಾರದು. ಮಣಿಕಟ್ಟನ್ನು ಒಳಕ್ಕೋ ಕೆಳಕ್ಕೋ ಮುರಿದರೆ ಆ ಗೆರೆ ತುಂಡಾಗಿ ಕೈ ಗಡುಸಾಗುತ್ತದೆ. ಇಷ್ಟನ್ನು ಪುಸ್ತಕ ನೋಡಿಯೇ ಕಲಿಯಬಹುದು.

ಪುಸ್ತಕ ಕಲಿಸಲಾಗದ್ದು ಮುಂದಿನದು. ಕುದುರೆಯ ತಲೆ ನಿಂತಲ್ಲಿ ನಿಲ್ಲುವುದಿಲ್ಲ. ನಡಿಗೆಯಲ್ಲಿ ಅದು ನಾಲ್ಕು ಕಾಲುಗಳ ಒಂದು ಸುತ್ತು ಮುಗಿಯುವಷ್ಟರಲ್ಲಿ ಎರಡು ಸಲ ತಲೆದೂಗುತ್ತದೆ. ಕ್ಯಾಂಟರ್ ಎಂದು ಕರೆಯುವ ತೇಲುವ ಓಟದಲ್ಲಿ ಸುತ್ತಿಗೊಂದು ಸಲ. ಟ್ರಾಟ್ ಎಂಬ ಕುಲುಕು ಓಟದಲ್ಲಿ ತಲೆ ಹೆಚ್ಚುಕಡಿಮೆ ನಿಶ್ಚಲ, ಆದರೆ ಅಲ್ಲಿ ಕುಣಿಯುವುದು ಸವಾರನ ಮೈ. ಅಮರಕೋಶ ಕುದುರೆಯ ಐದು ಗತಿಗಳನ್ನು ಧಾರೆಗಳೆಂದು ಹೆಸರಿಸಿ ಹೇಳಿದೆ. ಗತಿಗೊಂದು ಲಯ, ಲಯಕ್ಕೊಂದು ಕೈ. ತಲೆ ಮುಂದೆ ಹೋದಾಗ ಮೊಣಕೈ ತೆರೆದುಕೊಂಡು ಕೈ ಜೊತೆಗೆ ಹೋಗಬೇಕು. ತಲೆ ಹಿಂದೆ ಬಂದಾಗ ಮೊಣಕೈ ಮಡಚಿಕೊಂಡು ಹಿಂದೆ ಬರಬೇಕು. ಕೈ ಅಲ್ಲಾಡದೆ ಇರಬೇಕು ಎಂದು ಶಿಕ್ಷಕರು ಕೂಗುವುದು ಈ ಅರ್ಥದಲ್ಲಿ: ಸವಾರನ ದೇಹಕ್ಕೆ ಹೋಲಿಸಿ ಅಲ್ಲ, ಕುದುರೆಯ ಬಾಯಿಗೆ ಹೋಲಿಸಿ ಅಲ್ಲಾಡದೆ ಇರಬೇಕು. ಇದನ್ನು ತಪ್ಪಾಗಿ ತಿಳಿದ ಎಷ್ಟೋ ಮಂದಿ ಮುಷ್ಟಿಯನ್ನು ಜೀನಿನ ಮೇಲೆ ಕಲ್ಲಿನಂತೆ ಒತ್ತಿಕೊಂಡು ಕೂರುತ್ತಾರೆ. ಕುದುರೆ ಪ್ರತಿ ಹೆಜ್ಜೆಗೂ ಆ ಕಲ್ಲಿಗೆ ಬಾಯಿ ಬಡಿದುಕೊಳ್ಳುತ್ತದೆ. ಈಚಿನ ದಶಕಗಳಲ್ಲಿ ಸಂಶೋಧಕರು ಲಗಾಮಿನ ನಡುವೆ ಅಳತೆಯ ಸಾಧನ ಜೋಡಿಸಿ ನೋಡಿದ್ದಾರೆ. ಎಳೆತ ಒಂದೇ ಮಟ್ಟದಲ್ಲಿ ನಿಲ್ಲದೆ ಹೆಜ್ಜೆಯ ಲಯಕ್ಕೆ ತಕ್ಕಂತೆ ಏರಿಳಿಯುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳ್ಳೆಯ ಕೈಯಲ್ಲೂ ಏರಿಳಿತ ಇರುತ್ತದೆ. ಆದರೆ ಅಲ್ಲಿ ಅಲೆ ಇರುತ್ತದೆ, ಮೊಳೆ ಹೊಡೆದಂಥ ಮೊನೆಗಳಿರುವುದಿಲ್ಲ.

ಕೈ ಹೀಗೆ ಸ್ವತಂತ್ರವಾಗಬೇಕಾದರೆ ಮೊದಲು ಕೂತ ಜಾಗ ಭದ್ರವಾಗಬೇಕು. ತೋಲ ತಪ್ಪಿದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ, ಕುದುರೆಯ ಮೇಲೆ ಸಿಗುವುದು ಲಗಾಮು. ಹೊಸಬರು ಲಗಾಮಿಗೆ ಜೋತುಬೀಳುವುದು ಒರಟುತನದಿಂದಲ್ಲ, ಬೀಳುವ ಭಯದಿಂದ. ಅದಕ್ಕಾಗಿಯೇ ಪಡೆಗಳ ಸವಾರಿ ಶಾಲೆಗಳಲ್ಲಿ ಹೊಸಬನಿಗೆ ಮೊದಲು ಲಗಾಮು ಕೊಡುವುದಿಲ್ಲ. ಶಿಕ್ಷಕ ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತ ಓಡಿಸುತ್ತಾನೆ. ಸವಾರ ರಿಕಾಪಿನಿಂದ ಕಾಲು ತೆಗೆದು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುದುರೆಯ ಲಯವನ್ನು ಸೊಂಟದಿಂದ ಕಲಿಯುತ್ತಾನೆ. ಬಿದ್ದರೂ ಚಿಂತೆಯಿಲ್ಲ, ಬಾಯನ್ನು ಹಿಡಿದು ಬೀಳಬಾರದು ಎಂಬುದು ಅದರ ತತ್ವ. ದುಡ್ಡು ಕೊಟ್ಟು ಮೊದಲ ದಿನವೇ ಲಗಾಮು ಹಿಡಿಯಲು ಹಾತೊರೆಯುವವರಿಗೆ ಈ ವಾರಗಳು ಬೇಸರ ತರುತ್ತವೆ. ಕುದುರೆಗೆ ಅದೇ ವಾರಗಳು ನೆಮ್ಮದಿ.

ಇನ್ನೊಂದು ಮಾತು ಕೇಳಲು ವಿಚಿತ್ರವಾಗಿದೆ. ಸಂಪರ್ಕವನ್ನು ಉಂಟುಮಾಡುವುದು ಕೈಯಲ್ಲ, ಕುದುರೆಯ ಹಿಂಗಾಲು. ಸವಾರನ ಕಾಲಿನ ಸೂಚನೆಗೆ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದು ಮೈಯನ್ನು ಮುಂದಕ್ಕೆ ನೂಕುತ್ತದೆ. ಆ ನೂಕು ಬೆನ್ನು, ಕುತ್ತಿಗೆಗಳ ಮೂಲಕ ಹರಿದು ಕಡಿವಾಣಕ್ಕೆ ಬರುತ್ತದೆ, ಕೈ ಅದನ್ನು ಅಲ್ಲಿ ಎದುರುಗೊಳ್ಳುತ್ತದೆ. ಕೈ ಹಿಂದಕ್ಕೆ ಹೋಗಿ ಬಾಯನ್ನು ಹುಡುಕಬಾರದು. ಬಾಯಿ ಮುಂದಕ್ಕೆ ಬಂದು ಕೈಯನ್ನು ಹುಡುಕಬೇಕು. ಜರ್ಮನ್ ಸವಾರಿ ಪದ್ಧತಿಯಲ್ಲಿ ಕುದುರೆಯ ತರಬೇತಿಗೆ ಆರು ಮೆಟ್ಟಿಲುಗಳಿವೆ. ಲಯ ಮೊದಲನೆಯದು, ಬಿಗಿಯಿಲ್ಲದ ಮೈ ಎರಡನೆಯದು, ಸಂಪರ್ಕ ಬರುವುದು ಮೂರನೆಯದಾಗಿ. ಮೊದಲೆರಡನ್ನು ಹಾರಿ ನೇರವಾಗಿ ಕುತ್ತಿಗೆ ಬಗ್ಗಿಸಲು ಹೊರಟವರಿಗೆ ಸಿಗುವುದು ಬಗ್ಗಿದ ಕುತ್ತಿಗೆ ಮಾತ್ರ. ಫೋಟೋದಲ್ಲಿ ಅದು ಚೆಲುವಾಗಿಯೇ ಕಾಣುತ್ತದೆ.

ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಸವಾರ ತನ್ನ ಸೊಂಟದ ತೂಗಾಟವನ್ನು ನಿಲ್ಲಿಸುತ್ತಾನೆ, ಬೆನ್ನನ್ನು ನೆಟ್ಟಗೆ ಮಾಡುತ್ತಾನೆ, ಬೆರಳುಗಳನ್ನು ಸ್ವಲ್ಪ ಮುಚ್ಚುತ್ತಾನೆ. ಕುದುರೆ ನಿಂತೊಡನೆ ಬೆರಳು ತೆರೆಯುತ್ತಾನೆ. ಈ ತೆರೆಯುವುದೇ ಮುಖ್ಯ. ಒತ್ತಡದಿಂದ ಕುದುರೆ ಏನನ್ನೋ ಹುಡುಕುತ್ತದೆ, ಒತ್ತಡ ಹೋದ ಗಳಿಗೆಯಲ್ಲಿ ಇದೇ ಸರಿ ಎಂದು ಕಲಿಯುತ್ತದೆ. ಹೇಳಿದ ಕೆಲಸ ಮಾಡಿದರೂ ಬಾಯಿ ಬಿಡದ ಕೈ ಕುದುರೆಗೆ ಏನನ್ನೂ ಕಲಿಸುವುದಿಲ್ಲ, ನೋವನ್ನು ತಾಳಿಕೊಳ್ಳುವುದನ್ನು ಬಿಟ್ಟು. ಬಲದಿಂದ ಗೆಲ್ಲುವ ಯೋಚನೆಯಂತೂ ಹುಚ್ಚು. ಸಾಮಾನ್ಯ ಸವಾರಿ ಕುದುರೆ 400ರಿಂದ 500 ಕಿಲೋ ತೂಗುತ್ತದೆ. ಬೆದರಿ ಓಡುವ ಕುದುರೆಯ ಎರಡೂ ಲಗಾಮನ್ನು ಒಟ್ಟಿಗೆ ಬಲವಾಗಿ ಎಳೆದು ಹಿಡಿದರೆ ಅದಕ್ಕೆ ಒರಗಿ ಓಡಲು ಒಂದು ಆಸರೆ ಕೊಟ್ಟಂತಾಗುತ್ತದೆ. ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟು, ಜಾಗ ಇದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ ಸುತ್ತನ್ನು ಕಿರಿದಾಗಿಸುತ್ತ ಬರಬೇಕೆಂದು ಶಿಕ್ಷಕರು ಕಲಿಸುತ್ತಾರೆ. ಇಲ್ಲಿ ಪಣಕ್ಕಿರುವುದು ಕುದುರೆಯ ಬಾಯಿ ಮಾತ್ರವಲ್ಲ, ಸವಾರನ ಕತ್ತು ಕೂಡ.

ಈ ನಾಡಿನಲ್ಲಿ ಇದಕ್ಕೆ ಬೇರೊಂದು ಬೆಲೆಯೂ ಇತ್ತು. ದಕ್ಷಿಣದ ಹವೆ ಒಳ್ಳೆಯ ಕುದುರೆಗಳ ಸಾಕಣೆಗೆ ಅಷ್ಟು ಒಗ್ಗದ ಕಾರಣ ಅವು ಕಡಲ ಮೇಲೆ ಬರಬೇಕಾಗಿತ್ತು. ಪೋರ್ಚುಗೀಸ ನೂನಿಜ್, ವಿಜಯನಗರದ ದೊರೆ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ಪರ್ದಾವಿನಂತೆ ಕೊಡುತ್ತಿದ್ದ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಸಲ್ಲುತ್ತಿತ್ತು ಎಂಬುದು ಅವನದೇ ಬರವಣಿಗೆ. ಸತ್ತ ಕುದುರೆಗೂ ಬೆಲೆ ಕೊಡುವ ರಾಜ್ಯ ಬದುಕಿದ ಕುದುರೆಯ ಬಾಯನ್ನು ಒರಟು ಕೈಗೆ ಒಪ್ಪಿಸಿ ಕೂರಲಾರದು. ಶಾಸನಗಳಲ್ಲಿ ಬರುವ ತುರಗಸಾಹಣಿ, ಕುದುರೆ ಲಾಯಗಳ ಮೇಲಧಿಕಾರಿ, ದೊಡ್ಡ ಹುದ್ದೆಯವನಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ದಖ್ಖನಿನ ಪಡೆಗಳಲ್ಲಿ ಸ್ವಂತ ಕುದುರೆ ತಂದ ಶಿಲೇದಾರನಿಗೂ ಸರ್ಕಾರದ ಕುದುರೆ ಏರಿದ ಬಾರ್ಗೀರನಿಗೂ ಭೇದವಿತ್ತು. ಕುದುರೆ ಸತ್ತರೆ ಶಿಲೇದಾರನ ಅನ್ನವೇ ಹೋಯಿತು. ಸ್ವಂತದ್ದಾದಾಗ ಕೈ ತಾನಾಗಿ ಹಗುರಾಗುತ್ತದೆ ಎಂದು ಊಹಿಸಬಹುದು. ಬಾಡಿಗೆ ಸೈಕಲ್ ತುಳಿದ ಎಲ್ಲರಿಗೂ ಇದು ಅರ್ಥವಾಗುತ್ತದೆ.

ಯುದ್ಧದ ಸವಾರನಿಗೆ ಎರಡು ಕೈಯ ಲಗಾಮಿನ ಭಾಗ್ಯವಿಲ್ಲ. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳ ರಾವುತರಿಗೆ ಬಲಗೈ ಇರುವುದು ಆಯುಧಕ್ಕೆ. ನಾಲ್ಕು ಪಟ್ಟಿಗಳಾದರೂ ಎಡಗೈಯಲ್ಲೇ ಸೇರಬೇಕು. ತಿರುಗಿಸುವುದು ಬಾಯಿಂದಲ್ಲ, ಕುತ್ತಿಗೆಯ ಮೇಲೆ ಪಟ್ಟಿಯನ್ನು ತಾಗಿಸಿ, ಸೊಂಟದ ಭಾರವನ್ನು ಬದಲಿಸಿ. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಹಿಡಿಯುವ ಕಾಳಗದಲ್ಲಿ ಜೋಧಪುರದ ಸವಾರರ ಜೊತೆ ಸೆಣಸಿತು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಮೈಸೂರಿನ ಒಂದು ತುಕಡಿ ಕಡಿದಾದ ಏರನ್ನು ಹತ್ತಬೇಕಾಯಿತು. ಏರು ಹತ್ತುವ ಕುದುರೆ ಕುತ್ತಿಗೆಯನ್ನು ಮುಂದಕ್ಕೆ ಚಾಚಿ ಅದನ್ನೇ ತಕ್ಕಡಿಯ ದಂಡದಂತೆ ಬಳಸುತ್ತದೆ. ಆಗ ಲಗಾಮನ್ನು ಬಿಗಿಹಿಡಿದರೆ ಕುದುರೆ ಮುಗ್ಗರಿಸುತ್ತದೆ, ತೀರ ಬಿಟ್ಟರೆ ಕಲ್ಲುಗಳ ನಡುವೆ ದಾರಿ ಹೇಳುವವರಿಲ್ಲ. ಗುಂಡು ಹಾರುತ್ತಿರುವಾಗ, ಬಲಗೈಯಲ್ಲಿ ಭರ್ಜಿ ಇರುವಾಗ, ಎಡಗೈ ಇಷ್ಟನ್ನು ತಾನಾಗಿ ಮಾಡಬೇಕು. ಬೆಂಗಳೂರಿನ ಜೆ.ಸಿ. ನಗರದ ಕಡೆಯಲ್ಲಿರುವ ಸ್ಮಾರಕ ಸ್ತಂಭವನ್ನು ನೋಡುವವರು ಆ ಸವಾರರ ಶೌರ್ಯವನ್ನು ನೆನೆಯುತ್ತಾರೆ. ಅವರ ಎಡಗೈಯನ್ನೂ ನೆನೆಯಬಹುದು.

ಲಗಾಮಿನ ಚರಿತ್ರೆಯಲ್ಲಿ ಕೆಟ್ಟ ಅಧ್ಯಾಯಗಳೂ ಇವೆ. ಕೈಗೆ ಬಾರದ್ದನ್ನು ಕಬ್ಬಿಣದಿಂದ ಸಾಧಿಸಲು ಹೋದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಉದ್ದ ಕೈಗಳಿರುವ ಕಡಿವಾಣಕ್ಕೆ ಗದ್ದದ ಕೆಳಗೆ ಸರಪಳಿ ಸೇರಿಸಿದರೆ ಅದು ಸನ್ನೆಗೋಲಾಗುತ್ತದೆ. ಬೆರಳಿನ ಎಳೆತ ಬಾಯಲ್ಲಿ ಹಲವು ಪಟ್ಟು ಆಗುತ್ತದೆ. ನುರಿತವನಿಗೆ ಅದು ಪಿಸುಮಾತಿನ ಸಾಧನ, ಉಳಿದವರಿಗೆ ಇಕ್ಕಳ. ಇದಕ್ಕಿಂತ ಕ್ರೂರವಾದದ್ದು ನಮ್ಮ ದೇಶದ ಮುಳ್ಳು ಕಡಿವಾಣ. ಬಾಯೊಳಗಿನ ಕಂಬಿಗೆ ಮೊಳೆಯಂಥ ಮುಳ್ಳುಗಳಿರುವ ಈ ವಸ್ತು ತುಟಿ, ನಾಲಗೆಗಳನ್ನು ಸೀಳುತ್ತದೆ. ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲಿ ಬಂತು. ಅದರಡಿ 1965ರಲ್ಲಿ ಬಂದ ಗಾಡಿ ಹಾಗೂ ಹೇರು ಪ್ರಾಣಿಗಳ ನಿಯಮಗಳು ಮುಳ್ಳಿರುವ ಕೋಲನ್ನೂ ಕಡಿವಾಣವನ್ನೂ ನಿಷೇಧಿಸಿವೆ. ಆರು ದಶಕ ಕಳೆದರೂ ಮದುವೆ ಮೆರವಣಿಗೆಯ ಕುದುರೆಗಳ, ಗಾಡಿ ಕುದುರೆಗಳ ಬಾಯಲ್ಲಿ ಅವು ದೇಶದ ಕೆಲವು ಕಡೆ ಸಿಕ್ಕುತ್ತಲೇ ಇವೆ. ಬ್ಯಾಂಡಿನ ಗದ್ದಲ, ಪಟಾಕಿಯ ಸದ್ದು, ಮೇಲೆ ಕೂತ ವರನಿಗೆ ಸವಾರಿಯ ಗಂಧವಿಲ್ಲ. ಕುದುರೆ ಬೆದರೀತೆಂಬ ಭಯಕ್ಕೆ ಮಾಲೀಕ ಕಂಡುಕೊಂಡ ಉಪಾಯ ಅದು. ಬಡತನ, ಅವಸರ ಎರಡೂ ಅದರ ಹಿಂದಿವೆ. ಆದರೆ ಬಾಯಿಗೆ ಅದು ತಿಳಿಯುವುದಿಲ್ಲ.

ಶ್ರೀಮಂತರ ಕ್ರೀಡಾಂಗಣಗಳೂ ಇದರಿಂದ ಮುಕ್ತವಲ್ಲ. ಗದ್ದ ಎದೆಗೆ ತಾಗುವಷ್ಟು ಕುದುರೆಯ ಕುತ್ತಿಗೆಯನ್ನು ಲಗಾಮಿನಿಂದ ಸುತ್ತಿ ಹಿಡಿಯುವ ರೋಲ್ಕೂರ್ ಎಂಬ ಅಭ್ಯಾಸ ಯುರೋಪಿನಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿತು. ಬಲಪ್ರಯೋಗದಿಂದ ಹಾಗೆ ಮಾಡುವುದು ಒಪ್ಪತಕ್ಕದ್ದಲ್ಲವೆಂದು ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2010ರಲ್ಲಿ ಹೇಳಿತು. ಲಗಾಮಿನ ನೋವಿಗೆ ಕುದುರೆ ಬಾಯಿ ತೆರೆಯದಂತೆ ಮೂಗುಪಟ್ಟಿಯನ್ನು ಬಿಗಿಯುವುದು ಇನ್ನೊಂದು ಚಾಳಿ. ಆ ಪಟ್ಟಿಯ ಸಡಿಲವನ್ನು ಅಳೆಯುವ ಸಾಧನವನ್ನು ಒಕ್ಕೂಟ 2025ರಲ್ಲಿ ಜಾರಿಗೆ ತಂದಿತು. ಬಾಯಿ ತೆರೆಯುವುದೇ ದೂರು ಎಂದು ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು. ಗ್ರೀಸಿನ ಕ್ಸೆನೋಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಹಗುರ ಕೈಯ ಪರ ವಾದಿಸಿದ್ದನ್ನು ನೆನೆದರೆ ಮನುಷ್ಯ ಕಲಿಯುವ ವೇಗ ಕುದುರೆಯದಕ್ಕಿಂತ ಕಡಿಮೆ ಎನ್ನಬೇಕು.

ನಮ್ಮ ಹಳೆಯ ಚಿಂತಕರು ಕುದುರೆಯನ್ನೂ ಲಗಾಮನ್ನೂ ರೂಪಕವಾಗಿ ಬಳಸಿದಾಗ ಹೆಚ್ಚು ಎಚ್ಚರ ವಹಿಸಿದ್ದರು. ಕಠೋಪನಿಷತ್ತಿನ ರಥದ ಹೋಲಿಕೆ ಪ್ರಸಿದ್ಧ. ದೇಹ ರಥ, ಇಂದ್ರಿಯಗಳು ಕುದುರೆಗಳು, ಬುದ್ಧಿ ಸಾರಥಿ. ಲಗಾಮು ಯಾವುದು? ಮನಸ್ಸು. ಆಜ್ಞೆ ಮಾಡುವ ಬುದ್ಧಿಯನ್ನು ಲಗಾಮೆಂದು ಹೇಳದೆ, ಎರಡೂ ಕಡೆಯ ಸುದ್ದಿಯನ್ನು ಹೊರುವ ಮನಸ್ಸನ್ನು ಹಾಗೆ ಕರೆದದ್ದು ಗಮನಿಸತಕ್ಕದ್ದು. ಬರೆದವರು ಕುದುರೆಗಳನ್ನು ಹೂಡಿ ಬಲ್ಲವರಿರಬೇಕು. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಬದುಕನ್ನು ಜಟಕಾ ಬಂಡಿಗೆ ಹೋಲಿಸುವಾಗ ಮನುಷ್ಯನನ್ನು ನಿಲ್ಲಿಸುವುದು ಕುದುರೆಯ ಜಾಗದಲ್ಲಿ. ಲಗಾಮಿನ ಆ ತುದಿಯಿಂದ ಲೋಕವನ್ನು ನೋಡಿದ ಆಧುನಿಕ ಕನ್ನಡ ಕೃತಿ ಬಹುಶಃ ಅದೊಂದೇ. ಪತ್ರಿಕೆಯ ಕಡಿವಾಣಗಳೆಲ್ಲ ಈ ತುದಿಯವು.

ಈಗ ಸವಾರಿ ಎಂದರೆ ಪೊಲೀಸ್ ಅಶ್ವದಳ, ಸೇನೆ, ರೇಸು, ಕ್ರೀಡೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯಾಡಿನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ಸೆಯ್ನ್ಯೂರ್ ಮೆಡಿಕಾಟ್ ಎಂಬ ಕುದುರೆಯನ್ನೇರಿ ಒಟ್ಟಾರೆ 23ನೆಯವರಾದರು. ಅದರಲ್ಲಿ ಮೊದಲ ಭಾಗವಾದ ಡ್ರೆಸಾಜ್ ಮುಗಿದಾಗ 28.00 ದಂಡಾಂಕಗಳೊಂದಿಗೆ 9ನೆಯ ಸ್ಥಾನದಲ್ಲಿದ್ದರು. ಡ್ರೆಸಾಜ್ ಎಂದರೆ ಹೆಚ್ಚಾಗಿ ಇಂದು ಹೇಳಿದ ವಿದ್ಯೆಯೇ: ನಿಗದಿಯಾದ ಗತಿಗಳನ್ನು, ತಿರುವುಗಳನ್ನು, ಕಾಣದಷ್ಟು ಸಣ್ಣ ಸೂಚನೆಗಳಿಂದ ಮಾಡಿಸಿ ತೋರಿಸುವುದು. ಕುದುರೆಯ ಬಾಯಿ ಶಾಂತವಾಗಿದೆಯೇ, ಮೂಗು ನೆಟ್ಟ ಗೆರೆಗಿಂತ ಸ್ವಲ್ಪ ಮುಂದಿದೆಯೇ ಎಂದು ತೀರ್ಪುಗಾರರು ನೋಡುತ್ತಾರೆ. 2023ರ ಹಾಂಗ್‌ಝೌ ಏಷ್ಯಾಡಿನಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ಅದಕ್ಕೆ ಹಿಂದಿನ ಚಿನ್ನ ಬಂದದ್ದು 1982ರಲ್ಲಿ.

ಒಲಿಂಪಿಕ್ಸಿಗೆ ಹೋಗದವರೂ ಕುದುರೆಗಳನ್ನು ನೋಡುತ್ತಾರೆ. ಮೈಸೂರು ದಸರೆಯ ಮೆರವಣಿಗೆಯಲ್ಲಿ ಅಶ್ವದಳ ಹಾದುಹೋಗುತ್ತದೆ. ಹಂಗಳದಿಂದ ಘಟ್ಟ ಹತ್ತಿದರೆ ಊಟಿಯ ಕೆರೆಯ ಬಳಿ ಮಕ್ಕಳನ್ನು ಹೊರುವ ತಟ್ಟುಗಳು ಕಾದಿರುತ್ತವೆ. ನೋಡುವವರು ಸಾಮಾನ್ಯವಾಗಿ ಕುದುರೆಯ ಬಣ್ಣವನ್ನೋ ಸವಾರನ ಪೇಟವನ್ನೋ ನೋಡುತ್ತಾರೆ. ಇನ್ನು ಮುಂದೆ ಕಟಬಾಯಿಯನ್ನು ನೋಡಬಹುದು. ಅಲ್ಲಿ ಹಳೆಯ ಗಾಯದ ಬಿಳಿ ಕಲೆ ಇದೆಯೇ, ಬಾಯಿ ಜಗಿಯುತ್ತಿದೆಯೇ ಅಥವಾ ತೆರೆದು ತಲೆ ಒದರುತ್ತಿದೆಯೇ, ಕಿವಿಗಳು ಆಗಾಗ ಸವಾರನ ಕಡೆ ತಿರುಗಿ ಕೇಳಿಸಿಕೊಳ್ಳುತ್ತಿವೆಯೇ, ಮೊಣಕೈಯಿಂದ ಬಾಯಿವರೆಗಿನ ಗೆರೆ ನೇರವಾಗಿದೆಯೇ. ತಟ್ಟುವಿನ ಮೇಲೆ ಮಗುವನ್ನು ಕೂರಿಸುವಾಗ ಅದರ ಕೈಗೆ ಲಗಾಮನ್ನು ಕೊಡದೆ ಜೀನಿನ ಮುಂಭಾಗವನ್ನು ಹಿಡಿಸಿದರೆ ಇಬ್ಬರಿಗೂ ಕ್ಷೇಮ.

ಕೈ ಸರಿಯಿತ್ತೇ ಎಂದು ತಿಳಿಯಲು ಸವಾರರಲ್ಲಿ ಒಂದು ಪರೀಕ್ಷೆ ಇದೆ. ಕೆಲಸ ಮುಗಿಯುವ ಹೊತ್ತಿಗೆ, ಕುದುರೆ ಇನ್ನೂ ನಡೆಯುತ್ತಿರುವಾಗಲೇ, ಸವಾರ ಬೆರಳುಗಳನ್ನು ಸಡಿಲಿಸಿ ಲಗಾಮನ್ನು ಮೆಲ್ಲಮೆಲ್ಲನೆ ಉದ್ದ ಬಿಡುತ್ತಾನೆ. ದಿನವಿಡೀ ಬಾಯನ್ನು ಎಳೆಸಿಕೊಂಡ ಕುದುರೆ ತಲೆಯನ್ನು ಮೇಲಕ್ಕೆಸೆದು ಪಟ್ಟಿಯನ್ನು ಕಿತ್ತುಕೊಳ್ಳುತ್ತದೆ, ಇಲ್ಲವೇ ಬಿಟ್ಟದ್ದೇ ಗೊತ್ತಾಗದ ಹಾಗೆ ಕುತ್ತಿಗೆಯನ್ನು ಸೆಟೆದುಕೊಂಡೇ ನಡೆಯುತ್ತದೆ. ಒಳ್ಳೆಯ ಕೈಯಲ್ಲಿದ್ದ ಕುದುರೆ, ಪಟ್ಟಿ ಉದ್ದವಾದಷ್ಟೂ ಅದನ್ನು ಹಿಂಬಾಲಿಸಿ ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚುತ್ತ, ಕಡಿವಾಣವನ್ನು ಮೆಲ್ಲಗೆ ಜಗಿಯುತ್ತ, ಮೂಗು ಮಂಡಿಯ ಮಟ್ಟಕ್ಕೆ ಬರುವವರೆಗೂ ಹೋಗುತ್ತದೆ. ಹೆಜ್ಜೆಯ ಲಯ ಬದಲಾಗುವುದಿಲ್ಲ. ಪಟ್ಟಿ ಅಷ್ಟುದ್ದ ಬಿಟ್ಟರೂ ಜೋಲುಬೀಳುವುದಿಲ್ಲ.